ಲೀಲಾಧರನ ಕಾಲಿಗೆ ಸಿಕ್ಕ ಸ್ಕಾಲರ್‌ಶಿಪ್

ನನ್ನ ತಮ್ಮ ಲೀಲಾಧರ ಗೊಂಬೆ ಕುಣಿಸುವವನು. ನಮ್ಮ ಬೀಜಾಡಿಯಲ್ಲಿ ಇಷ್ಟು ಹೇಳಿದರೆ ಸಾಕು, ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಪ್ಪು ಪರದೆಯ ಮುಂದೆ ಮರದ ಗೊಂಬೆ ಯಕ್ಷಗಾನ ಕುಣಿಯುತ್ತದೆ. ಹಿಂದೆ ನಿಂತವನು ಸೂತ್ರ ಹಿಡಿದು, ತನ್ನ ಕಾಲಿಗೇ ಗೆಜ್ಜೆ ಕಟ್ಟಿಕೊಂಡು, ಗೊಂಬೆಯ ಹೆಜ್ಜೆಯನ್ನು ತಾನು ಹಾಕುತ್ತಾನೆ. ಕೇಳುವ ಗೆಜ್ಜೆ ಅವನದು, ಕಾಣುವ ಕುಣಿತ ಗೊಂಬೆಯದು. ಇಷ್ಟನ್ನು ಘಟ್ಟದ ಮೇಲಿನವರಿಗೆ ಅರ್ಥ ಮಾಡಿಸಲು ಹೋಗಿ ನಮ್ಮ ತಲೆ ಪೂರ್ತಿ ಕೆಟ್ಟುಹೋಯಿತು.

ಅರವತ್ತಾರನೇ ಇಸವಿಯ ಮಾತು. ಲೀಲಾಧರ ಎಸ್ಸೆಸ್ಸೆಲ್ಸಿ ಮುಗಿಸಿ ಸೋದರಮಾವ ಪಾಂಡು ಮಾವನ ಗೊಂಬೆ ಮೇಳದಲ್ಲೇ ಇದ್ದ. ಆಟ ಆಡಿಸುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ನನ್ನ ಗಂಡ ಬೊಂಬಾಯಿಯ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವರು. ಹುಡುಗನನ್ನು ಕಳಿಸಿಕೊಡಿ, ಇಲ್ಲಿ ಒಂದು ದಾರಿ ಆಗುತ್ತದೆ ಎಂದು ಬರೆಯುತ್ತಲೇ ಇದ್ದರು. ಇವನಿಗೆ ಬೊಂಬಾಯಿ ಎಂದರೆ ಸಾಕು, ಅನ್ನ ಸೇರುತ್ತಿರಲಿಲ್ಲ. ಅಷ್ಟರಲ್ಲಿ ಘಟ್ಟದ ಮೇಲಿನ ಒಂದು ಕಲಾ ಕಾಲೇಜು ವಿದ್ಯಾರ್ಥಿವೇತನ ಕೊಡುತ್ತದೆಂದು ಪೇಪರಿನಲ್ಲಿ ಬಂತು. ಸಿಕ್ಕಿದರೆ ಗೊಂಬೆಯ ಕೆಲಸವನ್ನೇ ಓದಾಗಿ ಓದಬಹುದು, ಸಿಗದಿದ್ದರೆ ಬೊಂಬಾಯಿ. ಅವನ ಪಾಲಿಗೆ ಇದ್ದದ್ದು ಇಷ್ಟೇ.

ಅರ್ಜಿ ತುಂಬುವ ಕೆಲಸ ನನ್ನ ಪಾಲಿಗೆ ಬಂತು, ಮನೆಯಲ್ಲಿ ಅಕ್ಷರ ಚಂದ ಇದ್ದದ್ದು ನನ್ನದೇ. ಅದರಲ್ಲಿ ಸಂಗೀತ, ನೃತ್ಯ, ನಾಟಕ, ಚಿತ್ರ, ಶಿಲ್ಪ ಎಂದು ಹಾಕಿ, ಒಂದನ್ನು ಉಳಿಸಿ ಬಾಕಿಯದ್ದನ್ನು ಹೊಡೆದುಹಾಕಿ ಎಂದಿದ್ದರು. ಲೀಲಾಧರ ಗೊಂಬೆ ಕೆತ್ತುತ್ತಾನೆ, ಅದಕ್ಕೆ ಮುಖ ಬರೆಯುತ್ತಾನೆ, ಕುಣಿಸುತ್ತಾನೆ, ಅದರ ಮಾತನ್ನೂ ಆಡುತ್ತಾನೆ. ಯಾವುದನ್ನು ಹೊಡೆಯುವುದು? ಕುಂದಾಪುರಕ್ಕೆ ಹೋಗಿ ಕೇಳಿದರೆ ಶಾಲೆಯ ಮಾಸ್ಟ್ರು ನಾಟಕ ಅಂದರು, ಫೋಟೋ ತೆಗೆಯುವವನು ಶಿಲ್ಪ ಅಂದ. ಪಾಂಡು ಮಾವನನ್ನು ಕೇಳಿದೆ.

"ನಂಗೆಂತ ಗೊತ್ತಿತ್ ಹೆಣೆ? ಗೊಂಬಿ ಅಂದ್ರೆ ಗೊಂಬಿ" ಅಂದುಬಿಟ್ಟ.

ನನಗೆ ಸಿಟ್ಟು ನೆತ್ತಿಗೇರಿತು. ಐದನ್ನೂ ಹೊಡೆದುಹಾಕಿ ಪಕ್ಕದಲ್ಲಿ ದೊಡ್ಡದಾಗಿ "ಗೊಂಬೆಯಾಟ" ಎಂದು ಬರೆದು ಕಳಿಸಿದೆ. ಕಸದ ಬುಟ್ಟಿಗೆ ಹೋಯಿತು ಎಂದುಕೊಂಡಿದ್ದೆ. ಆದರೆ, ಕರಾವಳಿಯ ಅಭ್ಯರ್ಥಿಗಳನ್ನು ಬ್ರಹ್ಮಾವರದಲ್ಲೇ ನೋಡುತ್ತೇವೆ, ಸಾಮಾನು ಸಮೇತ ಬನ್ನಿ ಎಂದು ಉತ್ತರ ಬಂತು.

ಅಭಿಮನ್ಯುವಿನ ಗೊಂಬೆಯನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಇಬ್ಬರೂ ಬಸ್ಸು ಹತ್ತಿದೆವು. ಶಾಲೆಯೊಂದರ ಹಾಲಿನಲ್ಲಿ ಮೂರು ಜನ ಕುರ್ಚಿ ಹಾಕಿ ಕೂತಿದ್ದರು. ನಾವು ಅಮ್ಮನ ಕಡುನೀಲಿ ಸೀರೆಯನ್ನು ಎರಡು ಬೆಂಚಿನ ನಡುವೆ ಕಟ್ಟತೊಡಗಿದೆವು. ನಡುವೆ ಕೂತ ಕನ್ನಡಕದವರು ಬೇಡ ಎಂದು ಕೈ ಆಡಿಸಿದರು.

"ಪರದೆ ಯಾಕಪ್ಪಾ? ನಾವು ನೋಡಬೇಕಾದದ್ದು ನಿನ್ನನ್ನು. ಸ್ಕಾಲರ್‌ಶಿಪ್ ಗೊಂಬೆಗೆ ಕೊಡುವುದಕ್ಕೆ ಆಗುತ್ತದೆಯೇ?"

ಲೀಲಾಧರ ನನ್ನ ಮುಖ ನೋಡಿದ. ಪರದೆ ಇಲ್ಲದೆ ಅವನು ಯಾರೆದುರೂ ನಿಂತವನಲ್ಲ. ಬಟ್ಟೆ ಬಿಚ್ಚಿ ನಿಲ್ಲು ಎಂದ ಹಾಗಾಯಿತು ಅವನಿಗೆ. ನಾನು ಪೆಟ್ಟಿಗೆಯ ಮುಚ್ಚಳವನ್ನೇ ಚೆಂಡೆ ಮಾಡಿಕೊಂಡು ಪದ ಎತ್ತಿದೆ. ಸೂತ್ರ ಕೈಗೆ ಬಂದದ್ದೇ ಸೈ, ಅವನಿಗೆ ಲೋಕದ ಪರಿವೆ ಉಳಿಯಲಿಲ್ಲ. ಅಭಿಮನ್ಯು ಚಕ್ರವ್ಯೂಹಕ್ಕೆ ನುಗ್ಗಿದ, ತಿರುಗಿದ, ಬಿಲ್ಲು ಎತ್ತಿದ. ಅಷ್ಟು ಚಂದ ಆ ಗೊಂಬೆ ಕುಣಿದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆದರೆ ಆ ಮೂವರಲ್ಲಿ ಒಬ್ಬರಾದರೂ ಗೊಂಬೆಯ ಕಡೆ ಕಣ್ಣು ಹಾಕಿದರೆ ಕೇಳಿ! ಮೂರೂ ಜನ ಇವನ ಕಾಲನ್ನೇ ನೋಡುತ್ತಿದ್ದರು.

"ನೃತ್ಯದ ಗುರುಗಳು ಯಾರು?"

"ನೃತ್ಯವಾ? ನಾನು ಕುಣಿದದ್ದಲ್ಲ ಸ್ವಾಮಿ. ಅವನು ಕುಣಿದದ್ದು" ಎಂದು ಲೀಲಾಧರ ಅಭಿಮನ್ಯುವನ್ನು ತೋರಿಸಿದ.

ಅವರು ಮನಸಾರೆ ನಕ್ಕರು. ಹುಡುಗನಿಗೆ ಎಷ್ಟು ವಿನಯ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಗೊಂಬೆ ಕೆಳಗಿಟ್ಟು ಇನ್ನೊಮ್ಮೆ ಅದನ್ನೇ ಮಾಡು ಅಂದರು. ಇವನು ಗೊಂಬೆ ಇಟ್ಟು ನಿಂತ. ನಾನು ಮತ್ತೆ ಪದ ಎತ್ತಿದೆ. ಕಾಲು ಏಳಲೇ ಇಲ್ಲ. ನಾಚಿಕೆ ಎಂದುಕೊಂಡು ಬೆನ್ನು ತಟ್ಟಿ ಕಳಿಸಿದರು.

ಹದಿನೈದು ದಿನದಲ್ಲಿ ಕಾಗದ ಬಂತು, ವಿದ್ಯಾರ್ಥಿವೇತನ ಮಂಜೂರಾಗಿದೆ, ವಿಭಾಗ ನೃತ್ಯ. ಅಮ್ಮ ಪಾಯಸ ಮಾಡಿದಳು. ಲೀಲಾಧರ ಅದನ್ನು ಕಲಸುತ್ತಾ ಕೂತ.

"ಮಾವ, ಇದ್ ಯಾರಿಗ್ ಸಿಕ್ಕದ್? ನಂಗಾ, ಗೊಂಬಿಗಾ?"

"ಯಾರಿಗಾರೂ ಸಿಕ್ಲಿ ಮಗಾ. ಬೊಂಬಾಯಿ ತಪ್ತಲ್ದಾ? ಹೋಯ್ ಬಾ" ಅಂದ ಪಾಂಡು ಮಾವ. ಹೇಳುವಾಗ ಅವನಿಗೂ ಧೈರ್ಯ ಇರಲಿಲ್ಲ, ದನಿಯಲ್ಲೇ ಗೊತ್ತಾಗುತ್ತಿತ್ತು. ನಾನು ಮಾತ್ರ ಹೋಗಲೇಬೇಕು ಎಂದು ಪಟ್ಟು ಹಿಡಿದೆ. ನನ್ನ ತಮ್ಮ ಹೋಟೆಲಿನ ಮೇಜು ಒರೆಸುವುದು ನನಗೆ ಬೇಡವಾಗಿತ್ತು.

ಹೋದ. ಮೊದಮೊದಲು ಬರೆದ ಕಾಗದ ಓದಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಕೈ ಖಾಲಿ ಇದ್ದರೆ ಕಾಲು ಯಾರಿಗಾಗಿ ಹಾಕುವುದೆಂದೇ ತಿಳಿಯುವುದಿಲ್ಲ, ಎಲ್ಲರೂ ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಂಡು ಕುಣಿಯುತ್ತಾರೆ ಎಂದೆಲ್ಲ ಬರೆಯುತ್ತಿದ್ದ. ಆಮೇಲೆ ಕಾಗದ ಚಿಕ್ಕದಾಯಿತು. ಅಭ್ಯಾಸ ಆಯಿತೆಂದು ನಾವು ಸಮಾಧಾನಪಟ್ಟೆವು.

ಮರುವರ್ಷ ದೀಪಾವಳಿಗೆ ಬಂದಾಗ ಅಂಗಳದಲ್ಲಿ ಕುಣಿದು ತೋರಿಸಿದ. ನಿಜ ಹೇಳುತ್ತೇನೆ, ಮೈ ಜುಮ್ಮೆಂದಿತು. ಗೊಂಬೆಯ ಹಿಂದೆ ಇಷ್ಟು ಚಂದದ ಮನುಷ್ಯ ಅಡಗಿದ್ದನೇ ಎಂದು ಹೆಮ್ಮೆಯಾಯಿತು. ಪಾಂಡು ಮಾವ ಖುಷಿಯಲ್ಲಿ ಒಳಗೆ ಹೋಗಿ ಅಭಿಮನ್ಯುವನ್ನು ತಂದು ಸೂತ್ರ ಇವನ ಕೈಗೆ ಕೊಟ್ಟ.

ನಾನು ಪದ ಹೇಳಿದೆ. ಲೀಲಾಧರನ ಕಾಲು ಅದ್ಭುತವಾಗಿ ಎದ್ದಿತು. ಎದೆ ಎದ್ದಿತು, ಕತ್ತು ತಿರುಗಿತು, ಕಣ್ಣು ಆಡಿತು. ಗೊಂಬೆ ಮಾತ್ರ ಒಣಗಲು ಹಾಕಿದ ಬಟ್ಟೆಯ ಹಾಗೆ ತೂಗಾಡುತ್ತಿತ್ತು. ಇನ್ನೊಮ್ಮೆ ಹೇಳು ಅಂದ ಲೀಲಾಧರ. ಹೇಳಿದೆ. ಮತ್ತೂ ಒಮ್ಮೆ ಅಂದ. ನನ್ನ ಗಂಟಲು ಒಣಗಿತು. ಪಾಂಡು ಮಾವ ಸೂತ್ರವನ್ನು ಅವನ ಬೆರಳಿನಿಂದ ಬಿಡಿಸಿಕೊಂಡು, ಗೊಂಬೆಯನ್ನು ಎತ್ತಿಕೊಂಡು ಒಳಗೆ ಹೋದ.

ಲೀಲಾಧರ ಅಂಗಳದಲ್ಲೇ ಕೂತುಬಿಟ್ಟ.

"ಅಕ್ಕ, ಅಲ್ಲಿಗ್ ಹ್ವಾದ್ ಹೊಸ್ತ್ರಲ್ಲ್ ಗೊಂಬಿ ಇಲ್ದೆ ಕುಣುಕೆ ಬತ್ತಿರ್ಲಿಲ್ಲೆ. ಈಗ ಕುಣುಕೆ ಬತ್ತ್, ಗೊಂಬಿ ಬತ್ತಿಲ್ಲೆ. ನಾನೀಗ ಎಂತ ಮಾಡೂದ್?"

ಊರಿನ ಎಲ್ಲ ಪ್ರಶ್ನೆಗೂ ಬಾಯಲ್ಲೇ ಉತ್ತರ ಇಟ್ಟುಕೊಂಡವಳು ನಾನು. ಅವತ್ತು ನನಗೆ ಸಿಕ್ಕಿದ್ದು ಒಂದೇ ಮಾತು.

"ಉಂಬುಕೆ ಬಾ" ಅಂದೆ.