ಚೌಡಯ್ಯನ ಕೆರೆಯಲ್ಲಿ ಇಪ್ಪತ್ತಾರು ಹಳದಿ ಡಬ್ಬಗಳು

ಬೆಳಗಿನ ಐದೂಕಾಲು. ನಿಡಘಟ್ಟದಿಂದ ಆರು ಕಿಲೋಮೀಟರ್ ಒಳಗಿರುವ ಚಿಕ್ಕಹುಣಸೆ ಕೆರೆಯ ಏರಿಯ ಮೇಲೆ ಚೌಡಯ್ಯ ಪಂಚೆ ಎತ್ತಿ ಕಟ್ಟಿಕೊಂಡು ತೆಂಗಿನ ನಾರಿನ ಹಗ್ಗ ಬಿಚ್ಚುತ್ತಿದ್ದಾರೆ. ಪಕ್ಕದಲ್ಲಿ ಇಪ್ಪತ್ತಾರು ಖಾಲಿ ಎಣ್ಣೆ ಡಬ್ಬಗಳು, ಎಲ್ಲಕ್ಕೂ ಹಳದಿ ಬಣ್ಣ. ಇನ್ನೆರಡು ಗಂಟೆಯಲ್ಲಿ ನೂರ ಹನ್ನೆರಡು ಮಂದಿ ಈ ಕೆರೆಗಿಳಿದು ಮುಕ್ಕಾಲು ಕಿಲೋಮೀಟರ್ ಈಜಬೇಕು. ಆಮೇಲೆ ಮಳವಳ್ಳಿ ಕಡೆಗೆ ಸೈಕಲ್ ತುಳಿಯಬೇಕು, ಕೊನೆಗೆ ಓಡಬೇಕು. ಬಂದವರು ಇದನ್ನು ಟ್ರಯಥ್ಲಾನ್ ಅನ್ನುತ್ತಾರೆ. ಚೌಡಯ್ಯನಿಗೆ ಅದು ‘ಮೂರಾಟ’.

ಚೌಡಯ್ಯ ಈ ಊರಿನ ನೀರುಗಂಟಿ. ಕೆರೆಯ ತೂಬು ಎತ್ತುವುದು, ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸುವುದು ಅವರ ಕೆಲಸ. ವಯಸ್ಸು ಐವತ್ತೆಂಟು. ಅಪ್ಪನ ನಂತರ ಇಪ್ಪತ್ತೊಂಬತ್ತು ವರ್ಷದಿಂದ ಗುದ್ದಲಿ ಹೆಗಲಿಗೇರಿಸಿ ದಿನಕ್ಕೆ ಹನ್ನೊಂದು ಕಿಲೋಮೀಟರ್ ಕಾಲುವೆ ಬದಿ ನಡೆಯುತ್ತಾರೆ. ಸ್ಪರ್ಧೆಯ ಕರಪತ್ರದಲ್ಲಿ ನೀರಿನ ಬಾಟಲಿ ಕೊಟ್ಟವರ ಹೆಸರೂ ಇದೆ, ಇವರ ಹೆಸರಿಲ್ಲ. ನನಗೆ ಸಿಟ್ಟು ಬಂತು. ಅವರಿಗೆ ಬರಲಿಲ್ಲ.

ಆರು ವರ್ಷದ ಹಿಂದೆ ಮೊದಲ ಸ್ಪರ್ಧೆ ನಡೆದ ದಿನ ಒಂದು ಎಡವಟ್ಟಾಯಿತು. ಅಂದು ಕೆಳಗದ್ದೆಗಳ ಸರದಿ. ಚೌಡಯ್ಯ ಎಂದಿನಂತೆ ತೂಬು ಎತ್ತಿದರು. ದಾರಿ ತೋರಿಸಲು ಬಿಟ್ಟಿದ್ದ ಗುರುತುಗಳು ಸೆಳವಿಗೆ ಸಿಕ್ಕಿ ಸರಿದವು, ಈಜುವವರು ಅವುಗಳ ಹಿಂದೆಯೇ ತೂಬಿನತ್ತ ಹೊರಟರು! ಏರಿಯಿಂದ ಅದನ್ನು ಕಂಡ ಚೌಡಯ್ಯ ತೂಬು ಇಳಿಸಿ, ಹರಿಗೋಲು ಹಾಕಿಕೊಂಡು ಹೋಗಿ ಎಲ್ಲರನ್ನೂ ತಿರುಗಿಸಿದರು.

“ನಂಗ್ಯಾರೂ ಯೋಳಿರ್ನಿಲ್ಲ, ದಿಟ. ಆದ್ರೂ ತೂಬು ಎತ್ತಿದ್ ಕೈ ನಂದೇ ಅಲ್ವಾ?” ಎನ್ನುತ್ತಾರೆ. ಅಂದಿನಿಂದ ಸ್ಪರ್ಧೆಯ ದಿನ ರೈತರನ್ನು ಒಪ್ಪಿಸಿ ಸರದಿಯನ್ನು ಮೂರು ಗಂಟೆ ಮುಂದೂಡುವುದು, ಹಗ್ಗಕ್ಕೆ ಡಬ್ಬ ಕಟ್ಟಿ ಕೆರೆಗೆ ಎಳೆಯುವುದು, ಹರಿಗೋಲಲ್ಲಿ ಕಾಯುವುದು ಎಲ್ಲ ಅವರದೇ. ನೀರಿಗಿಳಿದವರೆಲ್ಲ ಮೇಲೆ ಬರುವ ತನಕ ಬಾಯಿಗೆ ಒಂದು ಗುಟುಕು ಕಾಫಿಯನ್ನೂ ಹಾಕುವುದಿಲ್ಲ.

ಆದರೆ ನಾನು ಬಂದಿದ್ದು ಇನ್ನೊಂದು ಕೆಲಸ ನೋಡಲು. ಹೆದರಿದವರೆಲ್ಲ ಚೌಡಯ್ಯನ ಹತ್ತಿರ ಬರುತ್ತಾರೆ ಎಂದು ಮಂಡ್ಯದಲ್ಲಿ ಕೇಳಿದ್ದೆ. ಆರು ಗಂಟೆಗೆ ಬಂದೇ ಬಂದರು. ಮೊದಲು ಬಂದವರು ಗುತ್ತಲಿನ ಅರುಂಧತಿ, ಪ್ರೌಢಶಾಲೆಯ ಗಣಿತ ಶಿಕ್ಷಕಿ, ನಲವತ್ತಮೂರು ವರ್ಷ. ತಾವು ಬಂದ ಮೊದಲ ವರ್ಷ ದಡದಲ್ಲೇ ಟೋಪಿ ಬಿಚ್ಚಿ ಮನೆಗೆ ಹೋದವರು. ಕಳೆದ ವರ್ಷ ಅರವತ್ತು ಮೀಟರ್ ಈಜಿ ವಾಪಸ್ಸು ಬಂದವರು.

“ಈಜುಕೊಳದಲ್ಲಿ ಸಾವಿರ ಮೀಟರ್ ಹೊಡೀತೀನಿ ಸರ್. ಅಲ್ಲಿ ತಳ ಕಾಣುತ್ತೆ. ಇಲ್ಲಿ ನನ್ನ ಕೈಯೇ ನನಗೆ ಕಾಣಲ್ಲ. ಈ ಸಲವೂ ಆಗದಿದ್ರೆ ಇನ್ನು ಬರೋದಿಲ್ಲ,” ಎನ್ನುತ್ತಾ ಅವರು ಮಣಿಕಟ್ಟಿನ ಗಡಿಯಾರ ನೋಡುತ್ತಾರೆ. ಕೂತಲ್ಲೇ ಎದೆಬಡಿತ ನೂರ ಇಪ್ಪತ್ತೆಂಟು.

“ಅದ್ನ ಬಿಚ್ಚಿ ಚೀಲಕ್ಕಾಕವ್ವ. ಎದೆ ಒಡ್ಕೊಳ್ಳೋದ ತಿಳ್ಕೊಳಕೆ ಗಡಿಯಾರ ಬೇಕಾ? ಬಾ, ಈ ಡಬ್ಬ ಕಟ್ಟು. ಕೈಗೆ ಕೆಲ್ಸ ಇದ್ರೆ ಎದೆ ಸುಮ್ಕಾಯ್ತದೆ,” ಎನ್ನುತ್ತಾರೆ ಚೌಡಯ್ಯ.

ಅರುಂಧತಿಯ ಗಂಟು ಎರಡು ಸಲ ಜಾರುತ್ತದೆ. ಮೂರನೆಯದು ನಿಲ್ಲುತ್ತದೆ. ಗುರುತಿಗೆ ಅವರು ತಮ್ಮ ಜಡೆಯ ಕೆಂಪು ರಬ್ಬರನ್ನು ಡಬ್ಬದ ಹಿಡಿಗೆ ಸುತ್ತುತ್ತಾರೆ. “ಇದ್ನ ತಿರುವಿನ ತಾವ ಬುಡ್ತೀನಿ. ನೀನು ಕೆರೆ ಎಲ್ಲಾ ಈಜ್ಬ್ಯಾಡ, ನಿನ್ ಡಬ್ಬದ ತಾವಕ್ಕೆ ಬಾ ಸಾಕು. ವಾಪಸ್ ಬರೋಕೆ ದಾರಿ ಗೊತ್ತೇ ಅದಲ್ಲ,” ಎನ್ನುತ್ತಾರೆ ಚೌಡಯ್ಯ.

ಇನ್ನೊಂದು ಪಾಠವೂ ಇದೆ. ಕಾಲುವೆಗೆ ನೀರು ಬಿಟ್ಟಾಗ ನೀರುಗಂಟಿ “ನೀರು ಬಂತೂ” ಎಂದು ಉದ್ದಕ್ಕೆ ಕೂಗಬೇಕು, ಗದ್ದೆಯಲ್ಲಿರುವವರು “ಬುಡೂ” ಎಂದು ಮಾರುತ್ತರ ಕೊಡಬೇಕು. ಅದು ಇಲ್ಲಿನ ರೂಢಿ. ಬಂದವರನ್ನು ಮೊಣಕಾಲುದ್ದದ ನೀರಲ್ಲಿ ನಿಲ್ಲಿಸಿ ಚೌಡಯ್ಯ ಅದನ್ನೇ ಕೂಗಿಸುತ್ತಾರೆ. “ಎದ್ರುಕೊಂಡೋರು ಉಸ್ರ ಒಳಕ್ಕೇ ಎಳ್ಕೋತಾರೆ, ಆಚೆಗೆ ಬುಡಾಕಿಲ್ಲ. ಕೂಗಿದ್ರೆ ಎಲ್ಲಾ ಆಚೆ ಓಯ್ತದೆ.” ಅರುಂಧತಿ ಮೇಡಂ ನಾಚಿಕೊಂಡು ಬಾಯೊಳಗೇ ಏನೋ ಅನ್ನುತ್ತಾರೆ, ಅಷ್ಟೇ.

ಏಳೂಕಾಲಿಗೆ ಸೀಟಿ. ಕೆರೆ ತುಂಬ ಟೋಪಿಗಳು. ಅರುಂಧತಿ ಎಲ್ಲರಿಗಿಂತ ಹಿಂದೆ ಇಳಿಯುತ್ತಾರೆ. ಕಳೆದ ವರ್ಷ ತಿರುಗಿದ ಜಾಗ ದಾಟುತ್ತಾರೆ. ಆದರೆ ನೂರು ಮೀಟರಿನ ಹತ್ತಿರ ನಿಂತುಬಿಡುತ್ತಾರೆ. ತಲೆ ಮಾತ್ರ ಮೇಲೆ, ಕೈ ಹಗ್ಗದ ಮೇಲೆ, ಮುಖ ದಡದ ಕಡೆ. ನಾನು ಏರಿಯ ತುದಿಗೆ ಸರಿದು ನಿಲ್ಲುತ್ತೇನೆ.

ಚೌಡಯ್ಯ ಹರಿಗೋಲನ್ನು ಹತ್ತಿರ ತಂದು ನಿಲ್ಲಿಸುತ್ತಾರೆ. ಕೈ ಚಾಚುವುದಿಲ್ಲ. “ಕೂಗವ್ವ!”

ಕೆರೆಯ ನಡುವಿಂದ, ಒಡೆದ ದನಿಯಲ್ಲಿ: “ನೀರು ಬಂತೂ...”

ಏರಿಯ ಮೇಲೆ ಸರದಿಗಾಗಿ ಕಾಯುತ್ತಿದ್ದ ಕೆಳಗದ್ದೆಯ ರೈತರಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಅಭ್ಯಾಸಬಲ. ಹತ್ತು ಹದಿನೈದು ಗಂಟಲು ಒಟ್ಟಿಗೆ ಮಾರುತ್ತರ ಕೊಡುತ್ತವೆ: “ಬುಡೂ!”

ಅರುಂಧತಿ ನಕ್ಕಿದ್ದು ಇಲ್ಲಿಗೂ ಕಾಣುತ್ತದೆ. ಹಗ್ಗ ಬಿಡುತ್ತಾರೆ. ಕೆಂಪು ರಬ್ಬರಿನ ಡಬ್ಬದ ಕಡೆಗೆ ಮುಖ ಮಾಡುತ್ತಾರೆ. ಅಲ್ಲಿಗೆ ತಲುಪಿದ ಮೇಲೆ ಅದನ್ನು ಒಮ್ಮೆ ಅಂಗೈಯಿಂದ ತಟ್ಟಿ ದಡದತ್ತ ತಿರುಗುತ್ತಾರೆ.

ಅವರು ದಡ ಸೇರಿದಾಗ ಚೌಡಯ್ಯ ಹರಿಗೋಲಿನಿಂದಿಳಿದು, “ನೂರ ಅನ್ನೆಲ್ಡು,” ಎಂದು ಎಣಿಕೆ ಮುಗಿಸುತ್ತಾರೆ. ಹೆಂಡತಿ ಬೆಳ್ಳಮ್ಮ ಆರಿಹೋದ ಕಾಫಿ ಕೊಡುತ್ತಾರೆ. ಚೌಡಯ್ಯ ಲೋಟ ಹಿಡಿದೇ ಖಾಲಿ ಕೆರೆಯ ಮೇಲೆ ಮತ್ತೊಮ್ಮೆ ಕಣ್ಣಾಡಿಸುತ್ತಾರೆ. ನಾನು ನೋಡಿದ್ದನ್ನು ನೋಡಿ ಬೆಳ್ಳಮ್ಮ, “ಊರೋರ್ಗೆಲ್ಲಾ ಧೈರ್ಯ ಯೋಳ್ತಾರೆ. ರಾತ್ರಿ ಎಲ್ಲಾ ಇವ್ರೇ ನಿದ್ದೆ ಮಾಡ್ನಿಲ್ಲ ಕಣಪ್ಪ,” ಎಂದು ಮಾನ ತೆಗೆಯುತ್ತಾರೆ.

ಸೈಕಲ್ಲು, ಓಟ ಮುಗಿಸಿ ಅರುಂಧತಿ ಕೆರೆಗೆ ಮರಳುವಾಗ ಹತ್ತೂವರೆ. ಡಬ್ಬಗಳು ಏರಿಯ ಮೇಲೆ ಒಣಗುತ್ತಿವೆ. “ನನ್ನ ಡಬ್ಬ ಮನೆಗೆ ತಗೊಂಡು ಹೋಗ್ಲಾ ಚೌಡಯ್ಯನವರೇ?” ಎಂದು ಕೇಳುತ್ತಾರೆ.

ಚೌಡಯ್ಯ ಕೆಂಪು ರಬ್ಬರನ್ನು ಮಾತ್ರ ಬಿಚ್ಚಿ ಅವರ ಅಂಗೈಗಿಡುತ್ತಾರೆ. “ಡಬ್ಬ ಇಲ್ಲೇ ಬುಡವ್ವ. ಬರೋ ವರ್ಸ ಇನ್ಯಾರೋ ಎದ್ರುಕೊಂಡು ಬತ್ತಾರೆ, ಅವ್ರಿಗೆ ಬೇಕಾಯ್ತದೆ. ಗಂಟು ಆಕೋದ ಅವ್ರಿಗೆ ನೀನೇ ಬಂದು ಯೋಳ್ಕೊಡು.”