ಮಣ್ಣಿನವರೆಗೆ ಜೊತೆ ಬಂದ ಹವಾಲ್ದಾರ್ರು

ಅವರ ಬಲಗೈಯಲ್ಲಿ ಮೂರೇ ಬೆರಳುಗಳಿದ್ದವು. ಕಿರುಬೆರಳು, ಉಂಗುರಬೆರಳು ಎರಡನ್ನೂ ಗಡಿಯ ಹಿಮ ತಿಂದಿತ್ತು. ಬೈಕಿನ ಆಕ್ಸಿಲರೇಟರ್ ಜಾರಬಾರದೆಂದು ಅದಕ್ಕೆ ಹಳೆಯ ಸೈಕಲ್ ಟ್ಯೂಬು ಸುತ್ತಿದ್ದರು. ಯಾರಾದರೂ ಕೈ ನೋಡಿ ಅಯ್ಯೋ ಅಂದರೆ, "ಗಾಡಿ ಓಡ್ಸಾಕೆ ಇಷ್ಟು ಸಾಕು" ಎಂದು ಮಾತು ಮುಗಿಸುತ್ತಿದ್ದರು. ಸೈನ್ಯದಿಂದ ನಿವೃತ್ತರಾಗಿ ಬಂದು ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಗೇಟು ಕಾಯುತ್ತಿದ್ದ ಅವರನ್ನು ಎಲ್ಲರೂ ಹವಾಲ್ದಾರ್ರು ಅಂತಲೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ.

ಸೇವೆಯಲ್ಲಿದ್ದಾಗ ಸತ್ತ ಯೋಧನಿಗೆ ಮೆರವಣಿಗೆ, ಕುಶಾಲುತೋಪು ಎಲ್ಲ ಇರುತ್ತವೆ. ಊರಿಗೆ ಮರಳಿ, ಕೂಲಿ ಮಾಡಿ ಬದುಕಿ, ಹಾಸಿಗೆಯಲ್ಲಿ ಸತ್ತ ಸಿಪಾಯಿಯನ್ನು ಕೇಳುವವರಿರುವುದಿಲ್ಲ. ಹವಾಲ್ದಾರ್ರ ಪಲ್ಟನ್ನಿನ ಗೆಳೆಯನೊಬ್ಬನ ಹೆಣ ಆಸ್ಪತ್ರೆಯಿಂದ ಟೆಂಪೋದಲ್ಲಿ ಹೊರಟಾಗ ಹಿಂದೆ ಇದ್ದದ್ದು ಇವರ ಬೈಕು ಒಂದೇ. ಅದನ್ನು ಅವರಿಂದ ತಡೆದುಕೊಳ್ಳಲಾಗಲಿಲ್ಲ. ಅಲ್ಲಿಂದಾಚೆಗೆ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕುಗಳಲ್ಲಿ ಯಾವ ಮಾಜಿ ಸಿಪಾಯಿ ತೀರಿಕೊಂಡರೂ ಅವರು ಹೋಗುತ್ತಿದ್ದರು. ಒಂದು ಬೈಕು ಮೂರಾಯಿತು, ಮೂರು ಹನ್ನೊಂದಾಯಿತು. ಸೈನ್ಯದ ಮುಖವನ್ನೇ ನೋಡಿರದ ಮೊಳಕಾಲ್ಮೂರಿನ ರೇಷ್ಮೆ ನೇಕಾರರೊಬ್ಬರು ಮಗ್ಗ ನಿಲ್ಲಿಸಿ ಬರುತ್ತಿದ್ದರು.

ನಿಯಮಗಳು ಕಡಿಮೆ. ಇಬ್ಬಿಬ್ಬರ ಸಾಲು, ಲೈಟು ಹಾಕಿರಬೇಕು, ಹಾರ್ನ್ ಹೊಡೆಯುವಂತಿಲ್ಲ. ಒಮ್ಮೆ ಒಬ್ಬರು ಹೆಣಕ್ಕೆ ಹೊದಿಸಲು ಬಾವುಟ ತಂದಾಗ ಹವಾಲ್ದಾರ್ರು ಅದನ್ನು ಮಡಿಸಿ ವಾಪಸ್ ಕೊಟ್ಟರು. "ಬಾವುಟ ಹೊದ್ಸೋದು ಸರ್ಕಾರದ ಕೆಲ್ಸ. ಜೊತೆಗೆ ಹೋಗೋದು ನಮ್ದು. ಅದಕ್ಕೆ ಯಾರ ಪರ್ಮಿಷನ್ನೂ ಬೇಕಾಗಿಲ್ಲ."

ಮಿಲ್ಲಿನ ಮ್ಯಾನೇಜರಿಗೆ ಇದು ಹಿಡಿಸಲಿಲ್ಲ. "ಇನ್ನೊಂದ್ಸಲ ಗೇಟ್ ಬಿಟ್ಟು ಹೆಣದ ಹಿಂದೆ ಹೋದ್ರೆ ಕೆಲ್ಸ ಇರಲ್ಲ" ಅಂದನಂತೆ. ಹವಾಲ್ದಾರ್ರು ಕೊರಳಿನ ಸೀಟಿ ತೆಗೆದು ಅವನ ಮೇಜಿನ ಮೇಲಿಟ್ಟು, ಅವತ್ತಿನ ಮಣ್ಣಿಗೆ ಹೊರಟೇಬಿಟ್ಟರು. ಒಂದು ವಾರ ಗೇಟಿನಲ್ಲಿ ಲಾರಿಗಳು ಅಡ್ಡಾದಿಡ್ಡಿ ನಿಂತು ಜಗಳವಾದ ಮೇಲೆ ಮ್ಯಾನೇಜರೇ ಸೀಟಿ ಹಿಡಿದುಕೊಂಡು ಅವರ ಮನೆಗೆ ಬಂದ.

ನಾನು ಅವರನ್ನು ಮೊದಲು ಕಂಡದ್ದು ಅಪ್ಪ ತೀರಿಕೊಂಡ ದಿನ. ಅಪ್ಪ ಹದಿನೇಳು ವರ್ಷ ಸಿಪಾಯಿಯಾಗಿದ್ದವರು. ನಮ್ಮ ಊರು ಮೊಳಕಾಲ್ಮೂರಿನ ಕಡೆಯದು. ನಮ್ಮ ಮನೆ ಊರಾಚೆಯ ಕೇರಿಯಲ್ಲಿ. ಕೇರಿಯ ಹೆಣಗಳು ಊರ ನಡುಬೀದಿಯಲ್ಲಿ ಹೋಗುವಂತಿರಲಿಲ್ಲ. ಜಾಲಿ ಮುಳ್ಳಿನ ಹಳ್ಳ ಬಳಸಿ ಹೋಗಬೇಕಿತ್ತು. ಅವತ್ತು ಹನ್ನೊಂದು ಬೈಕುಗಳು ಬಂದದ್ದನ್ನು ಕಂಡು ಯಾರೋ ಬೀದಿಗೆ ಅಡ್ಡಲಾಗಿ ಎತ್ತಿನ ಗಾಡಿ ನಿಲ್ಲಿಸಿದರು.

"ಹಳ್ಳದ ಕಡೆಯಿಂದ ಹೋಗ್ರಿ. ಹಿಂದಿನಿಂದ್ಲೂ ನಡ್ಕಂಡು ಬಂದಿರೋದು" ಎಂದರು ಊರಿನ ಯಜಮಾನರು.

ನಮ್ಮ ದೊಡ್ಡಪ್ಪ ಆಗಲೇ ಚಟ್ಟವನ್ನು ಹಳ್ಳದ ಕಡೆ ತಿರುಗಿಸಲು ಹೇಳುತ್ತಿದ್ದರು. ಹವಾಲ್ದಾರ್ರು ಅವರನ್ನೂ ಕೇಳಲಿಲ್ಲ, ಯಜಮಾನರನ್ನೂ ಕೇಳಲಿಲ್ಲ. ನೇರ ಅವ್ವನ ಹತ್ತಿರ ಬಂದರು.

"ತಂಗೀ, ನೀನೇನಂತೀಯಾ?"

ಅಂಥ ವಿಷಯದಲ್ಲಿ ಅವ್ವನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಬಾರ್ಡರ್ರಿಗೆ ಹೋಗಾಗ ಇದೇ ಬೀದಿಯಾಗೆ ಟ್ರಂಕು ಹೊತ್ಕಂಡು ಹೋಗಿದ್ದ. ಈಗ್ಲೂ ಇಲ್ಲೇ ಹೋಗ್ಲಿ."

ಹವಾಲ್ದಾರ್ರು ತಮ್ಮ ಬೈಕನ್ನು ಗಾಡಿಯ ಎದುರಿಗೆ ನಿಲ್ಲಿಸಿ ಇಂಜಿನ್ ಆರಿಸಿದರು. ಉಳಿದವರೂ ಆರಿಸಿದರು. "ನಾವು ಇಲ್ಲೇ ಇರ್ತೀವಿ. ದಾರಿ ಬಿಟ್ಟಾಗ ಹೋಗ್ತೀವಿ. ನಮಗೆ ಅವಸರ ಇಲ್ಲ."

ಯಜಮಾನರು ದನಿ ತಗ್ಗಿಸಿದರು. "ಹವಾಲ್ದಾರ್ರೇ, ನೀವು ನಮ್ಮೋರು. ನಿಮಗ್ಯಾಕ್ರಿ ಇದು?"

"ಇಂಥೋರ ಜೊತೆ ಒಂದೇ ತಟ್ಟೆಯಾಗೆ ಉಂಡೀನಿ. ನಮ್ಮೋರು ಯಾರು ಅಂತ ನನಗೆ ಗೊತ್ತೈತೆ."

ಬಿಸಿಲು ನೆತ್ತಿಗೇರಿತು. ಯಾರೂ ಕದಲಲಿಲ್ಲ. ಕೊನೆಗೆ ಬೀದಿಯ ಮೊದಲ ಮನೆಯಿಂದ ಮುದುಕಿಯೊಬ್ಬಳು ಹೊರಬಂದಳು. ಅವಳ ಮೊಮ್ಮಗನೂ ಸೈನ್ಯದಲ್ಲಿದ್ದ. ಗಾಡಿಯ ನೊಗ ಹಿಡಿದು ಒಬ್ಬಳೇ ಎಳೆಯತೊಡಗಿದಳು. ಗಾಡಿ ಅಲುಗಲಿಲ್ಲ, ಅವಳು ಬಿಡಲಿಲ್ಲ. ನೋಡಲಾಗದೆ ಅವಳ ಮಕ್ಕಳಿಬ್ಬರು ಬಂದು ಕೈ ಹಾಕಿದರು. ಗಾಡಿ ಪಕ್ಕಕ್ಕೆ ಸರಿಯಿತು. ಅಪ್ಪ ನಡುಬೀದಿಯಲ್ಲಿ ಹೋದರು.

ಹವಾಲ್ದಾರ್ರ ನೆಂಟರು ಆಮೇಲೆ ಎರಡು ಮದುವೆಗಳಿಗೆ ಅವರನ್ನು ಕರೆಯಲಿಲ್ಲ. ಕೇಳಿದರೆ, "ಊಟ ಮನೇಲೂ ಐತಲ್ಲ" ಅಂದರು.

ತಿಂಗಳು ಕಳೆದ ಮೇಲೆ ನಾನು ಮಿಲ್ಲಿನ ಗೇಟಿಗೆ ಹೋಗಿ, ನಾನೂ ನಿಮ್ಮ ಜೊತೆ ಬರಬಹುದಾ ಎಂದು ಕೇಳಿದೆ. ಆಗ ನಾನು ನರ್ಸಿಂಗ್ ಮುಗಿಸಿ ಚಳ್ಳಕೆರೆಯಲ್ಲಿ ಕೆಲಸಕ್ಕೆ ಸೇರಿದ್ದೆ.

"ಗಾಡಿ ಬರ್ತೈತಾ?"

"ಇಲ್ರಿ."

"ಹಂಗಾರೆ ಭಾನುವಾರ ಬಾ."

ದೊಡ್ಡಉಳ್ಳಾರ್ತಿಯ ಹುಲ್ಲುಕಾವಲಿನ ಅಂಚಿನಲ್ಲಿ, ಹೊಸದಾಗಿ ಎದ್ದಿದ್ದ ಉದ್ದನೆಯ ಕಾಂಪೌಂಡ್ ಗೋಡೆಯ ಪಕ್ಕದ ಮಣ್ಣು ರಸ್ತೆಯಲ್ಲಿ ಅವರು ನನಗೆ ಬೈಕು ಕಲಿಸಿದರು. ಮೊದಲ ದಿನವೇ ಮೂರು ಸಲ ಬಿದ್ದೆ. ಮೊಣಕಾಲಿನ ರಕ್ತ ನೋಡಿಕೊಳ್ಳುತ್ತಾ ಕೂತರೆ, "ಅದನ್ನ ಆಮೇಲೆ ನೋಡ್ಕಳವ್ವ, ನರ್ಸು ನೀನೇ ಅಲ್ಲೇನು. ಮೊದ್ಲು ಗಾಡಿ ಎತ್ತು" ಎನ್ನುತ್ತಿದ್ದರು. ಕುರಿ ಮೇಯಿಸುವವರು ನಿಂತು ನಗುತ್ತಿದ್ದರು. ಅವರು ನಕ್ಕಷ್ಟೂ ಹವಾಲ್ದಾರ್ರು ಇನ್ನೊಂದು ಸುತ್ತು ಹೊಡೆಸುತ್ತಿದ್ದರು. ನಾಲ್ಕನೆಯ ಭಾನುವಾರ ಯಾರೂ ನಗಲಿಲ್ಲ.

ಐದು ವರ್ಷ ಅವರ ಹಿಂದಿನ ಸಾಲಿನಲ್ಲಿ ಹೋದೆ. ಎಷ್ಟೋ ಊರುಗಳಲ್ಲಿ ಹೆಂಗಸು ಯಾಕೆ ಬಂದಳೆಂದು ಕೇಳಿದವರಿದ್ದರು. "ಇವಳೂ ಸಿಪಾಯಿ ಮನೆಯೋಳು" ಎಂಬ ಒಂದೇ ಉತ್ತರ ಅವರದು.

ಹೋದ ವರ್ಷ ಒಂದು ಬೆಳಿಗ್ಗೆ ಗೇಟು ತೆರೆಯುತ್ತಿದ್ದ ಹವಾಲ್ದಾರ್ರು ಅಲ್ಲೇ ಕುಸಿದರು. ಕೆಲಸಕ್ಕೆ ಹೊರಟು ಅದೇ ದಾರಿಯಲ್ಲಿದ್ದ ನಾನು ಓಡಿಹೋಗಿ ಎದೆ ಒತ್ತಿದೆ, ಆಸ್ಪತ್ರೆಯವರೆಗೂ ಒತ್ತುತ್ತಲೇ ಇದ್ದೆ. ಉಳಿಯಲಿಲ್ಲ.

ನನ್ನಿವಾಳದ ಹತ್ತಿರ ಅವರ ಹೊಲದಲ್ಲಿ ಮಣ್ಣು. ಚಳ್ಳಕೆರೆಯ ಮನೆಯ ಮುಂದೆ ಇಪ್ಪತ್ತಕ್ಕೂ ಹೆಚ್ಚು ಬೈಕುಗಳು ಸೇರಿದವು. ಅಪ್ಪನ ನಂತರ ಎಲ್ಲಿಗೂ ಅಷ್ಟಾಗಿ ಹೋಗದ ಅವ್ವ ಊರಿನಿಂದ ಬಸ್ಸು ಹಿಡಿದು ಬಂದಿದ್ದಳು. ನಾನು ಬೈಕು ಸಾಲಿಗೆ ತಂದಾಗ ಹವಾಲ್ದಾರ್ರ ಅಣ್ಣ ತಡೆದರು.

"ಹೆಣ್ಮಕ್ಳು ಮಣ್ಣಿಗೆ ಬರಂಗಿಲ್ಲಮ್ಮ. ಅದ್ರಾಗೂ ನೀವು..." ಎಂದು ಮಾತು ನುಂಗಿದರು. ನುಂಗಿದ್ದೇನೆಂದು ಅಲ್ಲಿದ್ದವರಿಗೆಲ್ಲ ತಿಳಿದಿತ್ತು.

ಮೊದಲ ಸಾಲಿನಲ್ಲಿದ್ದ ಮೊಳಕಾಲ್ಮೂರಿನ ನೇಕಾರರು ತಮ್ಮ ಬೈಕನ್ನು ಒಂದು ಮಾರು ಹಿಂದಕ್ಕೆ ಎಳೆದುಕೊಂಡರು. "ಮುಂದಕ್ಕೆ ಪೋಮ್ಮಾ" ಅಂದರು, ತಮ್ಮ ಮನೆಮಾತಿನ ತೆಲುಗು ಬೆರೆಸಿ. ನಾನು ಆ ಜಾಗಕ್ಕೆ ಹೋಗಿ ನಿಂತೆ. ಅವ್ವ ಯಾರನ್ನೂ ಕೇಳದೆ ಬಂದು ನನ್ನ ಹಿಂದೆ ಕೂತು ಸೊಂಟ ಹಿಡಿದಳು. ಒಳಗಿನಿಂದ ಹವಾಲ್ದಾರ್ರ ಹೆಂಡತಿ ಬಾಗಿಲಿಗೆ ಬಂದು, "ಅವಳು ಬರ್ಲಿ. ನಾನೂ ಬರ್ತೀನಿ" ಅಂದರು. ಅಣ್ಣ ಪಕ್ಕಕ್ಕೆ ಸರಿದರು.

ನನ್ನಿವಾಳದ ರಸ್ತೆಯಲ್ಲಿ ಎದುರಿಗೆ ಬಂದ ಪ್ರೈವೇಟ್ ಬಸ್ಸು ತಾನಾಗಿ ನಿಂತಿತು. ಡ್ರೈವರ್ ಇಂಜಿನ್ ಆರಿಸಿ ಕೆಳಗಿಳಿದ.

ಹೊಲದಲ್ಲಿ ಗಂಡಸರು ಮಣ್ಣು ಹಾಕಿ ಮುಗಿಸಿದ ಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ಯಾರಾದರೂ ಹಾಕು ಅನ್ನಲಿ ಎಂದು ನಾನು ಕಾಯಲಿಲ್ಲ. ಚಪ್ಪಲಿ ಬಿಟ್ಟು ಗುಂಡಿಯ ಹತ್ತಿರ ಹೋಗಿ ಮೂರು ಹಿಡಿ ಮಣ್ಣು ಹಾಕಿದೆ. ಆಮೇಲೆ ಅವರ ಹೆಂಡತಿಗೆ ದಾರಿ ಬಿಟ್ಟೆ.