ಬೀಳುವ ಬೊಂಬೆಯನ್ನು ತಡೆಯದ ಪುಷ್ಪಲತಾ

ಬೆಳಕು ಹರಿಯುವ ಹೊತ್ತು. ಹೊನ್ನವಳ್ಳಿಯ ಪುಷ್ಪಲತಾ ಜಗಲಿಯ ಮೇಲೆ ಕೂತು ಬಟ್ಟೆಬೊಂಬೆಯೊಂದರ ಹರಿದ ಕೈಗೆ ಹೊಲಿಗೆ ಹಾಕುತ್ತಿದ್ದಾರೆ. "ನಿನ್ನೆ ಒಂದು ಮಗೂಗೆ ವಿಪರೀತ ಕೋಪ ಬಂದಿತ್ತು ಕಣ್ರೀ. ಇದರ ಮೇಲೆ ತೀರಿಸ್ಕೊಂತು. ಒಳ್ಳೇದೇ ಆಯ್ತು" ಎನ್ನುತ್ತಾರೆ. ಬೊಂಬೆ, ಜೇಡಿಮಣ್ಣು, ಆಟದ ಪಾತ್ರೆಗಳನ್ನು ಚೀಲಕ್ಕೆ ತುಂಬಿ ಬಸ್ ಹಿಡಿಯುತ್ತಾರೆ. ಸುತ್ತಲ ಹಳ್ಳಿಗಳಲ್ಲಿ ಮಂಕಾದ, ಹೆದರಿದ ಮಕ್ಕಳ ಜೊತೆ ಆಡುವುದೇ ಅವರ ಕೆಲಸ.

ಮೊದಲು ಅಂಗನವಾಡಿ ಕಾರ್ಯಕರ್ತೆಯಾಗಿದ್ದವರು. ಆಟದ ಮೂಲಕ ಮಕ್ಕಳ ಮನಸ್ಸಿಗೆ ಆಸರೆಯಾಗುವ ತರಬೇತಿ ಪಡೆದು ಇತ್ತ ಬಂದರು. "ಇಷ್ಟು ದೊಡ್ಡೋಳು ಬೊಂಬೆ ಆಡ್ತಾಳೆ ಅಂತ ಊರೋರು ನಗ್ತಿದ್ರು."

ಅವರು ಮರೆಯದ ಮಗು ಸಿಂಧು, ಹೆಸರು ಬದಲಿಸಿದ್ದೇನೆ. ಅವಳ ಅಪ್ಪ ತೆಂಗಿನಕಾಯಿ ಕೀಳುವವರು. ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಅಂದಿನಿಂದ ಸಿಂಧು ಮಾತು ಬಿಟ್ಟಳು. ಅಪ್ಪನ ಕೋಣೆಯತ್ತ ಸುಳಿಯಲೂ ಇಲ್ಲ.

ಪುಷ್ಪಲತಾ ಅವಳ ಮುಂದೆ ಬೊಂಬೆಗಳನ್ನು ಹರಡಿ ಸುಮ್ಮನೆ ಕೂತರು. ಸಿಂಧು ಒಂದನ್ನು ಕಿಟಕಿಯ ಮೇಲಿಟ್ಟು ಬೀಳಿಸಿದಳು. ಪ್ರತಿ ಸಲ ಹೋದಾಗಲೂ ಅದೇ ಆಟ.

"ಅಪಶಕುನ ಕಣವ್ವ, ಬುಡಿಸು ಅದನ್ನ" ಎಂದು ಸಿಂಧುವಿನ ಅಜ್ಜಿ ರೇಗಿದರು.

"ಸ್ವಲ್ಪ ತಡೀರಿ ಅಜ್ಜಿ. ಅವಳೇನೋ ಹೇಳ್ತಾವ್ಳೆ" ಎಂದರು ಪುಷ್ಪಲತಾ. ಒಳಗೊಳಗೇ ಅವರಿಗೂ ಅಂಜಿಕೆಯಿತ್ತು.

ಒಂದು ದಿನ ಸಿಂಧು ಪುಟ್ಟ ಬೊಂಬೆಯೊಂದನ್ನು ಕೆಳಗೆ ನಿಲ್ಲಿಸಿ, "ಅಪ್ಪಾ" ಎಂದು ಪಿಸುಗುಟ್ಟಿ, ಮೇಲಿನದನ್ನು ತಳ್ಳಿದಳು.

"ಅದ್ಯಾಕೆ ಬಿತ್ತು?" ಪುಷ್ಪಲತಾ ಮೆಲ್ಲಗೆ ಕೇಳಿದರು.

"ಇದು ಕೂಗ್ತು. ಅದು ತಿರುಗಿ ನೋಡ್ತು."

ತಾನು ಕೂಗಿದ್ದರಿಂದಲೇ ಅಪ್ಪ ಬಿದ್ದರೆಂದು ಮಗು ನಂಬಿಕೊಂಡಿತ್ತು. ಪುಷ್ಪಲತಾ ಮೊದಲು ಅಪ್ಪನಿಗೆ ವಿಷಯ ತಿಳಿಸಿ, ಆಮೇಲೆ ಸಿಂಧುವಿನ ಕೈಹಿಡಿದು ಅವರ ಕೋಣೆಗೆ ಕರೆದೊಯ್ದರು.

"ನೀನು ಕೂಗಿದ್ದು ನಂಗೆ ಕೇಳಿಸ್ಲೇ ಇಲ್ಲ ಕಣವ್ವ" ಎನ್ನುತ್ತ ಅಪ್ಪ ಅತ್ತರು. "ಹಿಡ್ಕೊಂಡಿದ್ದ ಗರಿ ಒಣಗಿತ್ತು, ಕಿತ್ಕೊಂಡು ಬಂತು."

ಸಿಂಧು ಹೋಗಿ ಅಪ್ಪನ ಪಕ್ಕ ಮುದುರಿ ಮಲಗಿದಳು. ಮಾತು ಒಮ್ಮೆಗೇ ಮರಳಲಿಲ್ಲ. ಮೊದಲು ಅಪ್ಪನೊಂದಿಗೆ, ತಿಂಗಳುಗಳ ಮೇಲೆ ಶಾಲೆಯಲ್ಲಿ.

"ಮೊನ್ನೆ ತಿಪಟೂರು ಬಸ್ಸಲ್ಲಿ ಕಂಡ್ಲು" ಎಂದು ಪುಷ್ಪಲತಾ ನಗುತ್ತಾರೆ. "ಸೀಟಿಗೋಸ್ಕರ ಗೆಳತಿ ಜೊತೆ ಜಗಳ. ನನ್ನ ಕಡೆ ನೋಡೋಕೂ ಪುರುಸೊತ್ತಿಲ್ಲ. ಏನು ಬಾಯಿ ಅಂತೀರಿ! ಕೇಳ್ತಾ ಕೂತಿದ್ದೆ, ಇಳಿಯೋ ಸ್ಟಾಪೇ ದಾಟೋಯ್ತು."